ಗಡಿಗೆ ಕೊತ್ತಲ

"ಗುರುಗಳೇ, ಹೆಮ್ಮೆಪಡುವುದಕ್ಕೆ ಏನೂ ಇಲ್ಲದವನು ನಾಲ್ಕು ಜನರ ನಡುವೆ ತಲೆಯೆತ್ತಿ ನಿಲ್ಲುವುದು ಹೇಗೆ?" ಎಂದು ಶಿಷ್ಯ ಕೇಳಿದ. ಹಿಂದಿನ ದಿನ ಪೇಟೆಯ ಅತಿಥಿಗಳು ಮಠಕ್ಕೆ ಬಂದು ಹೋದಾಗಿನಿಂದ ಅವನ ಮುಖ ಸಪ್ಪಗಿತ್ತು.

ಗುರುಗಳು ಕತೆ ಹೇಳಿದರು.

ಒಂದು ಊರಿಗೆ ರಾಜ ಕೋಟೆ ಕಟ್ಟಿಸಿದ. ಗೋಡೆಯನ್ನು ಅರಮನೆಯೇ ನೋಡಿಕೊಂಡಿತು. ಅದರ ಏಳು ಕೊತ್ತಲಗಳನ್ನು ಕಟ್ಟುವ ಕೆಲಸವನ್ನು ಮಾತ್ರ ರಾಜ ಏಳು ಕೇರಿಗಳಿಗೆ ಹಂಚಿದ. ಗೋಡೆಯಿಂದ ಮುಂದಕ್ಕೆ ಚಾಚಿಕೊಂಡು ಶತ್ರುವಿನ ಮೊದಲ ಏಟು ತಿನ್ನುವುದು ಕೊತ್ತಲವೇ. ಆದ್ದರಿಂದ ಒಂದು ಕಟ್ಟಳೆಯನ್ನೂ ಮಾಡಿದ: ಯಾವ ಕೇರಿಯ ಕೊತ್ತಲ ಬೀಳುತ್ತದೋ ಆ ಕೇರಿಯವರು ಕೋಟೆಯ ಹೊರಗೆ ಹೋಗಿ ಬದುಕಬೇಕು.

ಆರು ಕೇರಿಯವರು ಕಲ್ಲುಕುಟಿಗರನ್ನು ಕರೆಸಿದರು. ಕುಂಬಾರರ ಕೇರಿಗೆ ಅಷ್ಟು ಶಕ್ತಿ ಇರಲಿಲ್ಲ. ಗಂಡಸರು ತಲೆಯ ಮೇಲೆ ಕೈ ಹೊತ್ತು ಕುಳಿತರು. ಆಗ ಮುಪ್ಪಾದ ಒಬ್ಬ ಕುಂಬಾರಗಿತ್ತಿ, ನಮ್ಮ ಕೈಗೆ ಗೊತ್ತಿರುವುದನ್ನೇ ಮಾಡೋಣ ಎಂದಳು. ಕೆರೆಯಿಂದ ಜೇಡಿಮಣ್ಣು ತಂದರು. ಅದಕ್ಕೆ ಹೊಟ್ಟು ಹಾಕಿ, ಒಡೆದ ಮಡಕೆಗಳನ್ನು ಕುಟ್ಟಿ ಬೆರೆಸಿದರು. ಕೇರಿಗೆ ಕೇರಿಯೇ ಇಳಿದು ತುಳಿಯಿತು. ಒಂದೊಂದು ಮೊಳ ಏರಿದಾಗಲೂ ಮಡಕೆ ತಟ್ಟುವ ಹಲಗೆಯಿಂದಲೇ ಸುತ್ತಲೂ ತಟ್ಟಿದರು. ಮುದುಕಿ ಬೆರಳ ಗೆಣ್ಣಿನಿಂದ ಬಡಿದು ಕಿವಿಗೊಟ್ಟು ಕೇಳುತ್ತಿದ್ದಳು, ಸಂತೆಯಲ್ಲಿ ಗಡಿಗೆ ಕೊಳ್ಳುವವರು ಕೇಳುವ ಹಾಗೆ. ಟೊಳ್ಳು ಸದ್ದು ಬಂದ ಕಡೆ ಅಗೆಸಿ ಮತ್ತೆ ತುಳಿಸಿದಳು. ಎಲ್ಲ ಮುಗಿಯಲು ಮೂರು ಬೇಸಿಗೆ ಹಿಡಿಯಿತು.

ಊರು ಅದಕ್ಕೆ ಗಡಿಗೆ ಕೊತ್ತಲ ಎಂದು ಹೆಸರಿಟ್ಟು ನಕ್ಕಿತು. ಒಬ್ಬ ವರ್ತಕನಂತೂ ಅದರ ಬುಡದಲ್ಲೇ ನಿಂತು ಕೇಳಿದ: "ಏನಜ್ಜಿ, ಇದರಲ್ಲಿ ಮೊಸರಿಗೆ ಹೆಪ್ಪು ಹಾಕ್ತೀಯಾ?"

"ಹಾಕಿದ ದಿನ ನಿಮಗೂ ಒಂದು ಕುಡಿಕೆ ಕೊಡ್ತೀನಿ, ಯಜಮಾನ್ರೇ" ಎಂದಳು ಮುದುಕಿ.

ಕೆಲವು ವರ್ಷಗಳ ಮೇಲೆ ಶತ್ರು ಫಿರಂಗಿ ಎಳೆಸಿಕೊಂಡು ಬಂದ. ಕಲ್ಲಿನ ಕೊತ್ತಲಕ್ಕೆ ಗುಂಡು ಬಿದ್ದರೆ ಕಲ್ಲು ಸಿಡಿದು ಅದರ ಚೂರು ಒಳಗಿದ್ದವರಿಗೇ ತಾಗುತ್ತಿತ್ತು. ನಾಲ್ಕನೆಯ ದಿನಕ್ಕೆ ಎರಡು ಕೊತ್ತಲಗಳು ಬಿರುಕುಬಿಟ್ಟವು. ಗಡಿಗೆ ಕೊತ್ತಲಕ್ಕೆ ಬಿದ್ದ ಗುಂಡು ಮಾತ್ರ ದೊಪ್ಪೆಂದು ಒಳಗೆ ಹೋಗಿ ಅಲ್ಲೇ ಉಳಿಯಿತು. ಫಿರಂಗಿ ಸುಮ್ಮನಾದಾಗಲೆಲ್ಲ ಕುಂಬಾರರು ಹಸಿಮಣ್ಣು ಹೊತ್ತು ಮೇಲೇರಿ, ತೂತು ಮುಚ್ಚಿ, ತಟ್ಟಿ ಇಳಿಯುತ್ತಿದ್ದರು. ಊರಿನ ಅರ್ಧ ಜನ ಅದರ ಮರೆಗೆ ಬಂದು ಕುಳಿತರು. ವರ್ತಕನೂ ಹೆಂಡತಿ ಮಕ್ಕಳೊಡನೆ ಬಂದ. ಮುದುಕಿ ಅವನ ಮುಂದೆ ಒಂದು ಕುಡಿಕೆ ಮೊಸರು ಇಟ್ಟಳು.

ಆಮೇಲೆ ತನ್ನವರನ್ನು ಕರೆದು, ಆ ಕಲ್ಲಿನ ಕೊತ್ತಲಗಳ ಬಿರುಕಿಗೂ ನಮ್ಮ ಮಣ್ಣೇ ಹೋಗಲಿ ಎಂದಳು. ಹಾಗೇ ತುಂಬಿದರು. ಹತ್ತೊಂಬತ್ತು ದಿನ ಹೊಡೆದು, ಮಳೆ ಹಿಡಿಯುತ್ತಲೇ ಶತ್ರು ಹಿಂದಿರುಗಿದ. ಏಳರಲ್ಲಿ ಒಂದು ಕೊತ್ತಲವೂ ಬೀಳಲಿಲ್ಲ. ಯಾವ ಕೇರಿಯೂ ಊರು ಬಿಡಲಿಲ್ಲ.

ರಾಜ ತಾನೇ ಬಂದು ಗಡಿಗೆ ಕೊತ್ತಲವನ್ನು ನೋಡಿದ. ಇದಕ್ಕೆ ಕೆತ್ತನೆಯ ಕಲ್ಲು ಹೊದಿಸಿ ರಣವಿಜಯ ಕೊತ್ತಲವೆಂದು ಹೆಸರಿಡುತ್ತೇನೆ ಎಂದ. ಕೇರಿಯ ಹರೆಯದವರು ಹಿಗ್ಗಿದರು. ಇನ್ನು ಮೇಲೆ ಯಾರೂ ನಗುವ ಹಾಗಿರಲಿಲ್ಲವಲ್ಲ.

ಮುದುಕಿ ಮುಂದೆ ಬಂದು ಕೈಮುಗಿದಳು. "ಬೇಡ ಬುದ್ಧಿ. ಏಟು ತಿಂದಿದ್ದು ಮಣ್ಣು, ಮಣ್ಣೇ ಕಾಣಲಿ. ಹೆಸರೂ ಗಡಿಗೆ ಅಂತಲೇ ಇರಲಿ. ನಕ್ಕೋರು ಇಟ್ಟಿದ್ದು, ಅವರ ಬಾಯಲ್ಲೇ ಅದು ದೊಡ್ಡದಾಗಲಿ."

ರಾಜ ಒಪ್ಪಿದ. ಮುಂದಿನ ಬೇಸಿಗೆಯಲ್ಲಿ ಕೊತ್ತಲಕ್ಕೆ ಮೆತ್ತಲು ಮಣ್ಣು ಕಲಸಿದಾಗ, ಮೊದಲು ಚಪ್ಪಲಿ ಬಿಟ್ಟು ಕೆಸರಿಗೆ ಇಳಿದವನು ಆ ವರ್ತಕ. ಅಂದಿನಿಂದ ಪ್ರತಿ ಮಳೆಗಾಲಕ್ಕೆ ಮುಂಚೆ ಊರೆಲ್ಲ ಇಳಿದು ತುಳಿಯುತ್ತದೆ. ಕೋಟೆಯ ಗೋಡೆ ಎಷ್ಟೋ ಕಡೆ ಕುಸಿದಿದೆ. ಗಡಿಗೆ ಕೊತ್ತಲ, ಹೊಟ್ಟೆಯಲ್ಲಿ ಅಷ್ಟೂ ಗುಂಡು ಇಟ್ಟುಕೊಂಡು, ಇನ್ನೂ ನಿಂತಿದೆ.

ಗುರುಗಳು ಕತೆ ನಿಲ್ಲಿಸಿದರು. ಎಂಥ ಗಟ್ಟಿ ಹೆಂಗಸು ಎಂದು ಶಿಷ್ಯ ಸಂತೋಷದಿಂದ ಹೇಳಿದ. ಗುರುಗಳು ಅವನನ್ನೇ ನೋಡುತ್ತ ಕೇಳಿದರು:

"ಹಾಗಾದರೆ, ನಿನ್ನ ತಂದೆ ಏನು ಮಾಡುತ್ತಾರೆ ಎಂದು ನಿನ್ನೆ ಅತಿಥಿಗಳು ಕೇಳಿದಾಗ, ಮಡಕೆ ಮಾಡುತ್ತಾರೆ ಎಂದು ಯಾಕೆ ಹೇಳಲಿಲ್ಲ?"