ಬಂದರಿನ ಕಂಬಕ್ಕೆ ಚಿತ್ರದ ಸಾಕ್ಷಿ

ಹಳೇ ಬಂದರಿನ ಕಲ್ಲುಕಂಬವೊಂದು ಜಲ್ಲಿಯಾಗುವುದರಿಂದ ಹೇಗೆ ಪಾರಾಯಿತು? ಊಹಿಸಿ ನೋಡೋಣ! ಆಗಲಿಲ್ಲವೇ? ಸರಿ, ನಾನೇ ಹೇಳಿಬಿಡುತ್ತೇನೆ.

ಸುತ್ತಿಗೆಯವರು ಬಂದದ್ದನ್ನು ಕಂಡ ಕಂಬ, ಬಂದರು ಕಚೇರಿಯ ಗೋಡೆಯ ಮೇಲಿದ್ದ ಬ್ರಿಟಿಷರ ಕಾಲದ ವರ್ಣಚಿತ್ರವನ್ನು ಕೂಗಿತು: "ಅಕ್ಕಾ, ನನಗೆ ಹಡಗು ಕಟ್ಟುತ್ತಿದ್ದರೆಂದರೆ ಯಾರೂ ನಂಬುತ್ತಿಲ್ಲ. ನೀನಾದರೂ ಸಾಕ್ಷಿ ಹೇಳು."

"ಹೇಳುತ್ತೇನೆ, ತಮ್ಮಾ."

ಕಿಟಕಿಯಲ್ಲಿದ್ದ ಕಾಗೆ ನಕ್ಕಿತು. "ನಿನ್ನ ಸಾಕ್ಷಿಯೇ? ಚೌಕಟ್ಟಿನ ನಡುವೆ ನಿಂತ ಆ ದಪ್ಪ ದೊರೆಗೆ ಹೊಟ್ಟೆಯೇ ಇಲ್ಲವೆಂದು ತೋರಿಸುವವಳು ನೀನು!"

"ನಿಜ. ದೊರೆ ಚಿತ್ರಕಾರನ ಬೆನ್ನ ಹಿಂದೆಯೇ ನಿಂತು ಹೊಟ್ಟೆ ಕರಗಿಸಿಕೊಂಡ. ಮೂಲೆಯ ಕಂಬಕ್ಕೆ ಯಾರ ಶಿಫಾರಸೂ ಇರಲಿಲ್ಲ. ಹಾಗಾಗಿ ಚಿತ್ರಕಾರ ಅದನ್ನು ಮಾತ್ರ ಕಂಡದ್ದು ಕಂಡಂತೆ ಬರೆದ. ಅದಕ್ಕೆ ಕಟ್ಟಿದ್ದ ಹಡಗನ್ನಷ್ಟೇ ಅಲ್ಲ, ಹಗ್ಗ ಉಜ್ಜಿ ಉಜ್ಜಿ ಬಿದ್ದ ಓರೆ ಗೀರನ್ನೂ ಬಿಡಲಿಲ್ಲ. ಬಂದು ನೋಡು!"

ಕಾಗೆ ಹಾರಿಬಂದು ಚೌಕಟ್ಟಿನ ಮೇಲೆ ಕುಳಿತು ಬಗ್ಗಿ ನೋಡಿತು, ನಗು ನಿಂತಿತು. ಅದನ್ನು ಓಡಿಸಲು ಬಂದ ಇಂಜಿನಿಯರ್ ಶೆಣೈಯವರ ಕಣ್ಣೂ ಅದೇ ಮೂಲೆಗೆ ಬಿತ್ತು. ಅವರು ಹೊರಗೋಡಿ ಕಂಬದ ಗೀರಿನಲ್ಲಿ ಬೆರಳಾಡಿಸಿದರು.

"ಸುತ್ತಿಗೆ ಕೆಳಗಿಡ್ರಪ್ಪಾ! ಇದು ಹಡಗು ಕಟ್ಟಿದ ಕಂಬ!"

ಎಂಥಾ ಚಿತ್ರ ಅಂತೀರಿ! ಇದೆಲ್ಲ ನಡೆದದ್ದು ಸಾವಿರದ ಒಂಬೈನೂರ ಎಂಬತ್ತೇಳರ ಫೆಬ್ರವರಿ ಹನ್ನೊಂದು, ಬುಧವಾರ.