ಹೊಳೆಯ ಎರಡು ದಡದ ಚಿಮಣಿಗಳು

ಹೊಳೆಯ ಆ ದಡದಲ್ಲೊಂದು ಈ ದಡದಲ್ಲೊಂದು, ಮುಚ್ಚಿಹೋದ ಎರಡು ಹೆಂಚಿನ ಕಾರ್ಖಾನೆಗಳು. ಈ ದಡದ್ದು ಪುಂಡಲೀಕ ಶೆಣೈಯವರದು, ಆ ದಡದ್ದು ಅವರ ಭಾವ ವಾಸುದೇವ ಕಾಮತರದು. ಒಬ್ಬರ ಮನೆಯ ಒಗ್ಗರಣೆ ಘಮ್ಮೆಂದರೆ ಇನ್ನೊಬ್ಬರ ಹೊಟ್ಟೆ ಉರಿಯುತ್ತಿತ್ತು.

ಶೆಣೈಯವರು ಕಾರ್ಖಾನೆಯ ಜಾಗದಲ್ಲಿ ಹೋಟೆಲು ಕಟ್ಟಲು ಹೊರಟರು. “ಆ ಹಳೇ ಚಿಮಣಿ ನಾಳೆಯೇ ಕೆಡವಿಸು,” ಎಂದು ಕಾವಲುಗಾರನಿಗೆ ಅಪ್ಪಣೆಯಾಯಿತು.

“ಧಣಿ, ಕಡಲಿನಿಂದ ಬರುವ ದೋಣಿಯವರು ಎರಡು ಚಿಮಣಿ ನೋಡಿಯೇ ಹೊಳೆಯೊಳಗೆ ಬರುವುದು.”

“ದೋಣಿಯವರೇನು ನನ್ನ ನೆಂಟರಾ?”

ಕಾವಲುಗಾರ ತಲೆ ಕೆರೆದುಕೊಂಡ. “ಆಯ್ತು ಧಣಿ. ಕೆಡವಲು ಆಳುಗಳನ್ನು ನಿಮ್ಮ ಭಾವನವರೇ ಕಳಿಸುತ್ತಾರಂತೆ. ಇದು ಬಿದ್ದರೆ ಹೊಳೆಗೆಲ್ಲ ಅವರದ್ದೇ ಎತ್ತರವಂತೆ.”

ಶೆಣೈಯವರ ಮುಖ ಸುಟ್ಟ ಹೆಂಚಿನ ಬಣ್ಣಕ್ಕೆ ತಿರುಗಿತು. “ಒಂದು ಇಟ್ಟಿಗೆ ಮುಟ್ಟಲಿ, ನೋಡುವ.”

ವಾರದೊಳಗೆ ಚಿಮಣಿಗೆ ಗಾರೆಯಾಯಿತು, ತುದಿಗೆ ದೀಪ ಬಂತು. ಹೋಟೆಲು ಅದರ ಸುತ್ತಲೇ ಏಳುವುದೆಂದು ತೀರ್ಮಾನವಾಯಿತು.

ದೀಪ ಹತ್ತಿದ ಸಂಜೆ ಕಾವಲುಗಾರ ಹೊಳೆ ದಾಟಿ ಕಾಮತರ ಜಗಲಿಯ ಮುಂದೆ ನಿಂತ. ಅವರೂ ತಮ್ಮ ಚಿಮಣಿ ಕೆಡವುವ ಯೋಚನೆಯಲ್ಲಿದ್ದರು. ಕಣ್ಣು ಮಾತ್ರ ಆಚೆ ದಡದ ದೀಪದ ಮೇಲಿತ್ತು.

“ಕೆಡವಿಬಿಡಿ ಧಣಿ,” ಎಂದ ಕಾವಲುಗಾರ. “ಆಳುಗಳನ್ನು ನಿಮ್ಮ ಭಾವನವರೇ ಕಳಿಸುತ್ತಾರಂತೆ.”