ಬಂಡೆಯನ್ನು ತಿಂದ ನೀರು

ಕಾಗಿಣಾ ನದಿಯ ದಂಡೆಗೆ, ಸುಣ್ಣಕಲ್ಲಿನ ಒಂದು ಗವಿಯಲ್ಲಿ, ಪೂಜ್ಯ ಮರುಳಯ್ಯ ಶರಣರು ವಾಸವಾಗಿದ್ದರು. ಒಂದು ಕಂಬಳಿ, ಒಂದು ಮಣ್ಣಿನ ಗಡಿಗೆ, ಇಷ್ಟೇ ಅವರ ಮಠ.

ಒಂದು ಮಧ್ಯಾಹ್ನ ಬಾವಿ ತೋಡುವ ದೇವಿಂದ್ರಪ್ಪ ಅಲ್ಲಿಗೆ ಬಂದ. ಹದಿನೈದು ದಿನಗಳ ಹಿಂದೆ, ಅರ್ಧ ತೋಡಿದ ಬಾವಿಯ ತಳ ಕುಸಿದು, ಅವನ ತಮ್ಮ ಸಾಯಬಣ್ಣ ಕೆಳಗಿನ ಪೊಳ್ಳಿಗೆ ಬಿದ್ದು ತೀರಿಕೊಂಡಿದ್ದ. ಮದುವೆಯಾಗಿ ಇನ್ನೂ ತಿಂಗಳು ತುಂಬಿರಲಿಲ್ಲ. ಊರ ಬಾಯಿಗೆ ಇಷ್ಟು ಸಿಕ್ಕರೆ ಸಾಲದೇ? ಹೊಸ ಸೊಸೆ ಅಯ್ಯಮ್ಮನ ಕಾಲ್ಗುಣವೇ ಗಂಡನನ್ನು ನುಂಗಿತೆಂದು ಹೇಳಿ ಅವಳನ್ನು ತವರಿಗೆ ಅಟ್ಟಿದರು. ಅಟ್ಟಿದವರಲ್ಲಿ ದೇವಿಂದ್ರಪ್ಪನೇ ಮುಂದಿದ್ದ ಎಂದು ಬರೆಯಲು ನನಗೆ ನಾಚಿಕೆಯಾಗುತ್ತದೆ.

“ಅಪ್ಪಾವ್ರೇ, ಆಕಿ ಕಾಲ್ಗುಣ ಖರೇನೇ ಕೆಟ್ಟದ ಅಂತ ನಿಮ್ಮ ಬಾಯಿಂದ ಒಂದ್ ಮಾತ್ ಬರಲಿ. ನನ್ನ ಜೀವಕ್ಕ ಸಮಾಧಾನ ಆಗ್ತದ.”

ಶರಣರು ಅವನನ್ನು ಗವಿಯ ಒಳಕ್ಕೆ ಕರೆದೊಯ್ದರು. ಆನೆ ನಿಲ್ಲುವಷ್ಟು ಎತ್ತರದ ಪೊಳ್ಳು. ಮೇಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

“ಇದನ್ನ ಯಾರ್ ತೋಡಿದ್ರು?”

“ಯಾರೂ ಇಲ್ರಿ. ಉಳಿ ಗುರ್ತೇ ಇಲ್ಲ.”

“ಸುಣ್ಣಕಲ್ಲಿನ ಮ್ಯಾಲ ನಿಂಬಿಹುಳಿ ಹಿಂಡಿದ್ರ ಬುರುಗು ಬರ್ತದಲ್ಲ? ಮಳಿನೀರೂ ಮಣ್ಣಾಗ ಇಳೀತಾ ಇಷ್ಟಿಷ್ಟು ಹುಳಿ ಆಗ್ತದ. ಬಿರುಕಿನಾಗ ಹೊಕ್ಕು ಕಲ್ಲು ಕರಗಿಸ್ತದ. ಇಷ್ಟು ತಿನ್ಲಾಕ ಸಾವಿರಾರು ವರ್ಷ ಬೇಕು. ನಿನ್ನ ಬಾವಿ ಕೆಳಗೂ ಇದೇ ಆಗ್ಯಾದ. ತಳ ಕುಸಿದಾಗ ಆ ಹುಡುಗಿ ನಿಮ್ಮನಿಗೆ ಬಂದು ಎಷ್ಟು ದಿನ ಆಗಿತ್ತು?”

“ಇಪ್ಪತ್ತು,” ಎಂದ ದೇವಿಂದ್ರಪ್ಪ.

“ಕಲ್ಲು ಬಡಿದು ಕೇಳಿದವ ಯಾರು?”

ಹಾರೆಯಿಂದ ಬಂಡೆ ಬಡಿದು ಕಿವಿಗೊಡುವುದು ಬಾವಿಯವರ ರೂಢಿ. ಟೊಳ್ಳು ಸದ್ದು ಬಂದರೆ ಕೆಳಗೆ ನೀರಿದೆಯೆಂದು ಹಿಗ್ಗುತ್ತಾರೆ. ಅಂದು ಬಡಿದವನೂ ಹಿಗ್ಗಿದವನೂ, “ನೀರು ಹತ್ಯಾವ, ಇಳಿದು ಒಡಿ” ಎಂದು ಸೊಂಟಕ್ಕೆ ಹಗ್ಗವನ್ನೂ ಕಟ್ಟದೆ ತಮ್ಮನನ್ನು ಇಳಿಸಿದವನೂ ದೇವಿಂದ್ರಪ್ಪನೇ. ನೀರೋ ಬಂಡೆಯನ್ನು ತಿಂದು ಎಂದೋ ಇನ್ನೂ ಆಳಕ್ಕೆ ಹೋಗಿಬಿಟ್ಟಿತ್ತು. ಅವನು ಶರಣರ ಪಾದದ ಮೇಲೆ ಬಿದ್ದು ಗೋಳೋ ಎಂದು ಅತ್ತ. ಅವರು ಸಂತೈಸಲಿಲ್ಲ.

“ಇಲ್ಲಿ ಅತ್ರ ಏನ್ ಬಂತು? ಆಕಿ ಮುಂದ ಹೋಗಿ ಹೇಳು,” ಎಂದಷ್ಟೇ ಅಪ್ಪಣೆ ಕೊಟ್ಟರು.

ಮರುದಿನ ಅಯ್ಯಮ್ಮನ ತವರಿನ ಅಂಗಳದಲ್ಲಿ ಹಿರಿಯರನ್ನೆಲ್ಲ ಕೂಡಿಸಿ ಅವನು ನಡೆದದ್ದನ್ನು ಒಪ್ಪಿಕೊಂಡ. ಅಯ್ಯಮ್ಮ ಸೆರಗು ಎಳೆದುಕೊಂಡು ಕೇಳಿದಳು: “ನನ್ನ ಅಟ್ಟುವಾಗ ಇದು ನಿಮಗ ಗೊತ್ತಿತ್ತೇನ್ರಿ, ಭಾವಾರೇ?”

“ಗೊತ್ತಿತ್ತವ್ವಾ.”

ಅವಳು ಎದ್ದು ಒಳಗೆ ಹೋದಳು. ಮತ್ತೆಂದೂ ಅವನ ಮುಖ ನೋಡಲಿಲ್ಲ. ಹಾಗೆ ಮಾಡಿದ್ದು ಸರಿಯೆಂದೇ ಶರಣರು ಹೇಳುತ್ತಿದ್ದರಂತೆ. ದೇವಿಂದ್ರಪ್ಪ ಇನ್ನೂ ಬಹಳ ವರ್ಷ ಬದುಕಿದ. ಯಾವ ಮನೆಯಲ್ಲಿ ಸೊಸೆಯ ಕಾಲ್ಗುಣದ ಮಾತು ಎದ್ದರೂ ಅಲ್ಲಿಗೆ ಹೋಗಿ ನಿಂತು, “ನನ್ನ ತಮ್ಮನ್ನ ಕೊಂದವ ನಾನ್ರಿ,” ಎನ್ನುತ್ತಿದ್ದ.